ಹನ್ನೊಂದನೇ ಅಧ್ಯಾಯದ ತಾಯಿ

ಯಾರೋ ಒಬ್ಬ ಮಹಾನುಭಾವ ತನ್ನ ಕಾದಂಬರಿಯ ನಕ್ಷೆಯನ್ನು ಬೇರೆಯದೇ ಲಕೋಟೆಯಲ್ಲಿ ಹಾಕಿ ಕಳಿಸದೆ ಇದ್ದಿದ್ದರೆ, ಆ ಗುರುವಾರವೂ ಮೆಲ್ಲಮ್ಮನ ಪಾಲಿಗೆ ಉಳಿದ ಗುರುವಾರಗಳಷ್ಟೇ ಮಂಕಾಗಿ, ಅಷ್ಟೇ ನೆಮ್ಮದಿಯಾಗಿ ಮುಗಿದುಹೋಗುತ್ತಿತ್ತು.

ಮೆಲ್ಲಮ್ಮ ಎಂಬುದು ಅವಳ ಹೆಸರಲ್ಲ. ಅವಳ ದನಿ ಕೇಳಿ, ಅಥವಾ ಕೇಳಿಸದೆ, ಕಚೇರಿಯವರು ಇಟ್ಟದ್ದು. ತುಂಬಿದ ಲಿಫ್ಟಿನಲ್ಲಿ "ಮೂರನೇ ಮಹಡಿ" ಎಂದು ಹೇಳಿ, ಯಾರಿಗೂ ಕೇಳಿಸದೆ ಐದನೇ ಮಹಡಿಗೆ ಹೋಗಿ, ಅಲ್ಲಿಂದ ಮೆಟ್ಟಿಲಿಳಿದು ಕೆಲಸಕ್ಕೆ ಬಂದ ದಿನಗಳು ಅವಳ ಲೆಕ್ಕದಲ್ಲಿ ಬಹಳ ಇದ್ದವು.

ಮೂರನೇ ಮಹಡಿಯಲ್ಲಿ ಇದ್ದದ್ದು ಒಬ್ಬ ಸಾಹಿತ್ಯ ಏಜೆಂಟರ ಕಚೇರಿ. ಎಲ್ಲರೂ ಅವರನ್ನು ಮೇಡಂ ಎನ್ನುತ್ತಿದ್ದರು. ಊರೂರಿನ ಬರಹಗಾರರು ಕಳಿಸುವ ಹಸ್ತಪ್ರತಿಗಳಲ್ಲಿ ಒಂದೆರಡನ್ನು ಹೆಕ್ಕಿ, ಪ್ರಕಾಶಕರ ಬಾಗಿಲಿಗೆ ಹೊತ್ತುಕೊಂಡು ಹೋಗಿ ಒಪ್ಪಿಸುವುದು, ಉಳಿದದ್ದನ್ನು ದಾರ ಕಟ್ಟಿ ವಾಪಸ್ ಕಳಿಸುವುದು ಅವರ ಕಸುಬು. ಕೆಳಗಿನ ಮಹಡಿಯಲ್ಲಿ ಹಲ್ಲಿನ ಡಾಕ್ಟರು. ಮೆಟ್ಟಿಲ ಮೇಲೆ ಯಾರಾದರೂ ತಲೆಗೆ ಕೈ ಹೊತ್ತು ಕೂತಿದ್ದರೆ ಅವರು ಯಾವ ಮಹಡಿಯಿಂದ ಇಳಿದವರು ಎಂದು ಹೇಳುವುದು ಕಷ್ಟವಾಗಿತ್ತು.

ಹೊಟ್ಟೆಪಾಡಿಗೆ ಮೇಡಂ ಅಡುಗೆ ಪುಸ್ತಕಗಳನ್ನು ನೋಡಿಕೊಳ್ಳುತ್ತಿದ್ದರು. ಅವರ ಪ್ರಾಣವಿದ್ದದ್ದು ಮಾತ್ರ ಇಲ್ಲದ ಲೋಕಗಳ ಕಥೆಗಳಲ್ಲಿ: ದೆವ್ವದ ಕಥೆ, ಮುಂದಿನ ಶತಮಾನದ ಕಥೆ, ಬೇರೆ ಗ್ರಹದ ಕಥೆ. ಕಚೇರಿಯಲ್ಲಿ ಈ ವಿಭಾಗಕ್ಕೆ 'ಭೂತ-ಭವಿಷ್ಯ' ಎಂದು ಹೆಸರು. ಇದಕ್ಕೆ ಬರೆಯುವವರಿಂದ ತಮಗೆ ಏನು ಬೇಕು ಎಂಬುದನ್ನು ಮೇಡಂ ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದ್ದರು. ಮೊದಲ ಪುಟದಲ್ಲೇ ಯಾರಿಗಾದರೂ ಏನಾದರೂ ಬೇಕಾಗಿರಬೇಕು. ಲೋಕ ಎಂಥದ್ದೇ ಆಗಲಿ, ತನ್ನ ಕಾನೂನು ತಾನೇ ಮುರಿಯಬಾರದು. ಮಂತ್ರ ಹಾಕಿದವನು ಅದಕ್ಕೆ ಏನಾದರೂ ಕಳಕೊಳ್ಳಬೇಕು. ಕೊನೆಗೆ ಎಚ್ಚರವಾಗಿ "ಅಯ್ಯೋ ಕನಸು" ಅನ್ನಬಾರದು. ಲೋಕ ಎಷ್ಟೇ ವಿಚಿತ್ರವಾಗಿದ್ದರೂ ನೋವು ಮಾತ್ರ ನಮ್ಮ ಮನೆಯದಾಗಿರಬೇಕು. ಕೊನೆಗೆ ಕೆಂಪು ಶಾಯಿಯಲ್ಲಿ: ದಯವಿಟ್ಟು ನಕ್ಷೆ ಕಳಿಸಬೇಡಿ.

ಬರೆದವರೆಲ್ಲ ನಕ್ಷೆಯನ್ನೇ ಕಳಿಸುತ್ತಿದ್ದರು.

ಮೆಲ್ಲಮ್ಮ ಅಲ್ಲಿ ಮೊದಲ ಓದಿನ ಕೆಲಸಕ್ಕೆ ಸೇರಿ ಆರು ವರ್ಷವಾಗಿತ್ತು. ಅವಳ ಜೊತೆ ಓದುತ್ತಿದ್ದ ಇನ್ನೊಬ್ಬರು ಹಿರಿಯರು. ಅವರನ್ನು ಎಲ್ಲರೂ ಬೆನ್ನ ಹಿಂದೆ ಪೀಠಿಕೆ ಎನ್ನುತ್ತಿದ್ದರು. ನೀರು ಬೇಕು ಎನ್ನುವುದಕ್ಕೂ ಅವರು ಗಂಟಲಿನ ಇತಿಹಾಸದಿಂದ ಶುರುಮಾಡಬೇಕು. ಹಸ್ತಪ್ರತಿಗಳನ್ನು ಬರಮಾಡಿಕೊಳ್ಳುವುದು ಟಪಾಲು ಅಕ್ಕನ ಕೆಲಸ. ಆಕೆ ಕಟ್ಟಿನ ಮೇಲಿಂದ ಬರೆದವರ ಹೆಸರಿನ ಹಾಳೆ ಕಿತ್ತು ತನ್ನ ಡ್ರಾಯರಿನಲ್ಲಿ ಬೀಗ ಹಾಕಿಡುವಳು, ಕಟ್ಟಿಗೆ ಒಂದು ನಂಬರು ಬರೆಯುವಳು. ಬೆಳಿಗ್ಗೆ ಬೆಸ ಸಂಖ್ಯೆಯದು ಪೀಠಿಕೆಯವರ ಮೇಜಿಗೆ, ಸಮ ಸಂಖ್ಯೆಯದು ಮೆಲ್ಲಮ್ಮನ ಮೇಜಿಗೆ. ಮೂರು ಗಂಟೆಗೆ ಒಂದು ಪುಟದ ವರದಿ, ನಾಲ್ಕಕ್ಕೆ ಮೇಡಂ ಕೋಣೆಯಲ್ಲಿ ಸಭೆ. ಒಂದೇ ಪಟ್ಟಿನಲ್ಲಿ ಓದಿಸಿಕೊಂಡು ಹೋಗದ ಪುಸ್ತಕವನ್ನು ತಾನು ಮಾರುವುದಿಲ್ಲ ಎಂಬುದು ಮೇಡಂ ಹಟ.

ಆರು ವರ್ಷದಿಂದ ಬೇರೆಯವರ ಇಲ್ಲದ ಲೋಕಗಳನ್ನು ಓದಿ ಓದಿ ಮೆಲ್ಲಮ್ಮನೂ ಒಂದು ಕಾದಂಬರಿ ಬರೆದಿದ್ದಳು. ಆದರೆ ಕಚೇರಿಯವರು ತಮ್ಮದೇ ಪುಸ್ತಕ ಕಳಿಸಿದರೆ ಅದೇ ದಿನ ಮನೆಗೆ ಎಂದು ಮೇಡಂ ಮೊದಲ ದಿನವೇ ಹೇಳಿದ್ದರು. ಆದ್ದರಿಂದ ಅವಳು ಕೈಬರಹದ ಗುರುತು ಸಿಗದಂತೆ ಹೊರಗೆ ಟೈಪ್ ಮಾಡಿಸಿ, ತನ್ನ ದೊಡ್ಡಮ್ಮನ ಹೆಸರು, ದೊಡ್ಡಮ್ಮನ ಹೊಲಿಗೆ ಅಂಗಡಿಯ ವಿಳಾಸ, ದೊಡ್ಡಮ್ಮನ ಫೋನ್ ನಂಬರು ಬರೆದು ಕಳಿಸಿದಳು. "ಯಾರಾದ್ರೂ ಫೋನ್ ಮಾಡಿ ಪುಸ್ತಕ ಅಂದ್ರೆ ಹೂಂ ಅಂದುಬಿಡು. ನನ್ನ ಹೆಸರು ಮಾತ್ರ ಎತ್ತಬೇಡ ದೊಡ್ಡಮ್ಮ, ಕೆಲಸ ಹೋಗುತ್ತೆ" ಎಂದು ಕೈ ಹಿಡಿದು ಹೇಳಿದ್ದಳು. ದೊಡ್ಡಮ್ಮ ಬಾಯಲ್ಲಿದ್ದ ಗುಂಡುಪಿನ್ನು ತೆಗೆಯದೆ ಹೂಂ ಎಂದಿದ್ದಳು.

ಮೆಲ್ಲಮ್ಮನ ಲೆಕ್ಕದ ಪ್ರಕಾರ ಅವಳ ಕಟ್ಟಿಗೆ ನಾನೂರ ಹದಿನೇಳು ಬರಬೇಕಿತ್ತು, ಪೀಠಿಕೆಯವರಿಗೆ ಹೋಗಬೇಕಿತ್ತು. ಅವರು ಬೈಯುವುದಕ್ಕೂ ಪೀಠಿಕೆ ಬೇಕಾಗುತ್ತದೆ ಎಂಬ ಸೋಮಾರಿತನದಿಂದ ಹೊಗಳಿ ಮುಗಿಸುವ ಜನ. ಆದರೆ ಆ ಮಹಾನುಭಾವನ ನಕ್ಷೆ ಬೇರೆ ಲಕೋಟೆಯಲ್ಲಿ ಬಂದು, ಟಪಾಲು ಅಕ್ಕ ಅದಕ್ಕೂ ಒಂದು ನಂಬರು ದಯಪಾಲಿಸಿ, ಎಲ್ಲ ಒಂದೊಂದು ಮುಂದೆ ಸರಿದು, ಬೆಳಿಗ್ಗೆ ಒಂಬತ್ತೂಕಾಲಿಗೆ ನಾನೂರ ಹದಿನೆಂಟು ಎಂಬ ಕಟ್ಟು ಮೆಲ್ಲಮ್ಮನ ಮೇಜಿನ ಮೇಲೆ ಧೊಪ್ಪೆಂದು ಬಿತ್ತು.

ನೀಲಿ ದಾರ. ಅಡ್ಡಡ್ಡ ಹಾಕಿದ ಎರಡು ಗಂಟು. ಆ ಗಂಟು ಹಾಕಿದ್ದು ಅವಳದೇ ಬೆರಳು.

 ಅವಳು ಕಟ್ಟನ್ನು ಎದೆಗವಚಿಕೊಂಡು ಪೀಠಿಕೆಯವರ ಮೇಜಿಗೆ ಹೋದಳು.

"ಸಾರ್, ಇದನ್ನ ನೀವು ಓದ್ತೀರಾ? ನಿಮ್ಮದನ್ನ ನಾನು ಓದ್ತೀನಿ."

"ಏನಂದೆ?"

"ಬದಲಾಯಿಸಿಕೊಳ್ಳೋಣ ಅಂತ."

ಪೀಠಿಕೆಯವರು ಕನ್ನಡಕ ತೆಗೆದರು. ಅದು ದೀರ್ಘ ಉತ್ತರದ ಲಕ್ಷಣ. "ನೋಡಮ್ಮ, ನಾನು ಈ ಕೆಲಸಕ್ಕೆ ಸೇರಿದಾಗ ಈ ಕಟ್ಟಡಕ್ಕೆ ಲಿಫ್ಟ್ ಇರಲಿಲ್ಲ. ಆಗ ಇನ್ನೊಬ್ಬ ಓದೋನು ಇದ್ದ, ಪುಣ್ಯಾತ್ಮ. ಅವನೂ ಒಂದಿನ ಹೀಗೇ ಬಂದು ಬದಲಾಯಿಸ್ಕೊಳ್ಳೋಣ ಅಂದ..." ಎಂದು ಶುರುಮಾಡಿ, ಆ ಪುಣ್ಯಾತ್ಮನ ಮದುವೆ, ಬೆನ್ನುನೋವು, ನಿವೃತ್ತಿ ಎಲ್ಲ ದಾಟಿ, ಹತ್ತು ಗಂಟೆಗೆ "ಹಾಗಾಗಿ ಆಗೋದಿಲ್ಲ" ಎಂಬಲ್ಲಿಗೆ ಬಂದು ನಿಂತರು.

ಅಷ್ಟರಲ್ಲಿ ಟಪಾಲು ಅಕ್ಕ ಅಲ್ಲಿಗೆ ಬಂದಿದ್ದಳು. ಯಾರ ಮಾತು ಮೆಲ್ಲಗಾದರೂ ಆಕೆಯ ಕಾಲು ಅತ್ತ ತಾನಾಗಿ ನಡೆಯುತ್ತಿತ್ತು.

"ಯಾಕ್ ಬದಲಾಯಿಸ್ಬೇಕು? ಏನಿದೆ ಅದರಲ್ಲಿ?"

"ಏನಿಲ್ಲ ಅಕ್ಕ."

"ಏನಿಲ್ಲದೆ ಇದ್ರೆ ಕೂಸಿನ ಹಾಗೆ ಯಾಕೆ ಎದೆಗವಚಿಕೊಂಡಿದೀಯಾ?" ಆಕೆ ಕಣ್ಣು ಕಿರಿದು ಮಾಡಿದಳು. "ಬರೆದೋರು ಯಾರು ಅಂತ ನಿನಗೆ ಗೊತ್ತು. ಹುಡುಗನಾ?"

"ಅಯ್ಯೋ, ಇಲ್ಲಕ್ಕ."

"ಕೆಂಪಗಾದ್ಲು ನೋಡಿ ಸಾರ್! ಆರು ವರ್ಷದಿಂದ ನೋಡ್ತಿದೀನಿ, ಈ ಮುಖದಲ್ಲಿ ಬಣ್ಣ ಅಂತ ಬಂದದ್ದು ಇವತ್ತೇ. ಒಳ್ಳೆ ಹುಡುಗನೇನೇ? ಊಟ ತಿಂಡಿ ಸರಿಯಾಗಿ ಮಾಡ್ತಾನಾ? ಕವಿ ಗಿವಿ ಅಲ್ಲ ತಾನೇ?"

ಮೆಲ್ಲಮ್ಮ ಕಟ್ಟನ್ನು ಹೊತ್ತುಕೊಂಡು ತನ್ನ ಮೇಜಿಗೆ ವಾಪಸ್ ಬಂದಳು. ಹಿಂದಿನಿಂದ ಟಪಾಲು ಅಕ್ಕ ಪೀಠಿಕೆಯವರಿಗೆ ಪಿಸುಗುಡುತ್ತಿದ್ದದ್ದು ಕೆಳಗಿನ ಹಲ್ಲಿನ ಡಾಕ್ಟರಿಗೂ ಕೇಳಿಸುವಷ್ಟಿತ್ತು: "ಪಾಪ, ಓದೋಕೂ ಆಗ್ತಿಲ್ಲ ಅವಳಿಗೆ. ಪ್ರೇಮಪತ್ರ ಇದ್ರೂ ಇರಬಹುದು ಅದರೊಳಗೆ."

ಓದಲು ಆಗುತ್ತಿರಲಿಲ್ಲ ಎಂಬುದೇನೋ ನಿಜ. ಬರೆದು ಮುಗಿಸಿದ ಮೇಲೆ ಅವಳು ಆ ಹಾಳೆಗಳನ್ನು ಒಮ್ಮೆಯೂ ತಿರುವಿ ನೋಡಿರಲಿಲ್ಲ. ತನ್ನ ಫೋಟೋ ನೋಡಿಕೊಳ್ಳಲು ಎಷ್ಟು ನಾಚಿಕೆಯೋ ಅದಕ್ಕೂ ಅಷ್ಟೇ ನಾಚಿಕೆ. ಮತ್ತೆ ಓದುವುದೇನಿದೆ? ಬಸ್ಸಿನಲ್ಲಿ, ಊಟದ ಬಿಡುವಿನಲ್ಲಿ, ಇಸ್ತ್ರಿ ಮಾಡುವಾಗ, ಆರು ವರ್ಷ ಹಗಲೂ ಇರುಳೂ ಅದರೊಳಗೇ ವಾಸವಾಗಿದ್ದವಳಿಗೆ ಅದರ ಒಂದೊಂದು ಬಾಗಿಲೂ ಗೊತ್ತಿತ್ತು. ದಾರ ಬಿಚ್ಚದೆಯೇ ಕಟ್ಟನ್ನು ಪಕ್ಕಕ್ಕಿಟ್ಟು ವರದಿಯ ಹಾಳೆ ಎಳೆದುಕೊಂಡಳು.

ಮೊದಲು ಬೈದು ಬರೆದಳು, ಯಾರಿಗೂ ಅನುಮಾನ ಬರದಿರಲಿ ಎಂದು. ಎರಡು ಸಾಲಿಗೆ ಕಣ್ಣು ತುಂಬಿತು, ಹರಿದಳು. ಆಮೇಲೆ ಹೊಗಳಿ ಬರೆದಳು. ಕಿವಿ ಬಿಸಿಯಾಯಿತು, ಅದನ್ನೂ ಹರಿದಳು. ಮೂರನೇ ಹಾಳೆಯಲ್ಲಿ ಹೊಗಳಿಕೆಯೂ ಬೇಡ ತೆಗಳಿಕೆಯೂ ಬೇಡ, ಕಥೆ ಏನಿದೆಯೋ ಅದನ್ನು ಹೇಳಿಬಿಡೋಣ ಎಂದುಕೊಂಡಳು.

ಆ ಊರಿನಲ್ಲಿ ಯಾರೂ ನೆರಳಿನ ಸಮೇತ ಮನೆಯೊಳಗೆ ಹೋಗುವಂತಿಲ್ಲ. ಕೊಡೆ ಬಿಡುವ ಹಾಗೆ ಬಾಗಿಲಲ್ಲಿ ಬಿಟ್ಟು ಹೋಗಬೇಕು. ಒಬ್ಬ ಹುಡುಗಿ ಒಳಗೆ ಹೋಗಿ ಬರುವಷ್ಟರಲ್ಲಿ ಅವಳ ನೆರಳನ್ನು ಯಾರೋ ಹಾಕಿಕೊಂಡು ಹೋಗಿರುತ್ತಾರೆ. ಅಂಚು ಸವೆದ ಹಳೆಯದೊಂದು ಉಳಿದಿರುತ್ತದೆ, ಅವಳು ಅದನ್ನೇ ಹಾಕಿಕೊಳ್ಳುತ್ತಾಳೆ. ಬೇರೆಯವರ ನೆರಳು ಹಾಕಿಕೊಂಡವರಿಗೆ ದಿನದಿಂದ ದಿನಕ್ಕೆ ಸ್ವಂತ ದನಿ ಇಳಿಯುತ್ತಾ ಹೋಗುತ್ತದೆ. ಅದು ಆ ಲೋಕದ ಕಾನೂನು. ಆದರೂ ಹುಡುಗಿ ತನ್ನದನ್ನು ಹುಡುಕುವುದಿಲ್ಲ. ಯಾಕೆಂದರೆ ಹನ್ನೊಂದನೇ ಅಧ್ಯಾಯದಲ್ಲಿ ಅವಳಿಗೆ ಗೊತ್ತಾಗುತ್ತದೆ: ಮನೆಯಿಂದ ಹೊರಡುವಾಗ ಆ ಹಳೆಯ ನೆರಳು ಬಾಗಿಲಲ್ಲಿ ಒಂದು ಗಳಿಗೆ ನಿಂತು, ಒಲೆ ಆರಿದೆಯೇ ಎಂದು ಕತ್ತು ತಿರುಗಿಸಿ ನೋಡುತ್ತದೆ. ಹಾಗೆ ನೋಡುತ್ತಿದ್ದವಳು ಒಬ್ಬಳೇ. ತೀರಿಹೋದ ತಾಯಿ.

ಇಲ್ಲಿಗೆ ಬಂದ ಮೇಲೆ ಮೆಲ್ಲಮ್ಮನ ಪೆನ್ನು ನಿಲ್ಲಲಿಲ್ಲ. ಒಂಬತ್ತು ವರ್ಷದವಳಿದ್ದಾಗ ಹೋದ ಅಮ್ಮನ ಬಗ್ಗೆ ಅವಳು ಯಾರೊಂದಿಗೂ ಒಂದು ಮಾತು ಆಡಿದವಳಲ್ಲ. ಕೇಳಿದವರೂ ಇರಲಿಲ್ಲ. ಯಾರಾದರೂ ಒಬ್ಬರು, ಗುರುತಿಲ್ಲದವರು, ಈ ಪುಸ್ತಕ ಓದಿ ಆ ಹೆಂಗಸನ್ನು ಒಂದು ಗಳಿಗೆ ಕಂಡರೆ ಸಾಕು ಎಂದೇ ಅವಳು ಬರೆದದ್ದು. ಒಂದು ಪುಟದ ವರದಿ ನಾಲ್ಕು ಪುಟವಾಯಿತು. ಊಟ ಮರೆತುಹೋಯಿತು. ಮೂರು ಗಂಟೆಗೆ ವರದಿಯನ್ನು ಮೇಡಂ ಕೋಣೆಯ ತಟ್ಟೆಯಲ್ಲಿಟ್ಟು ಬಂದಳು.

ನಾಲ್ಕಕ್ಕೆ ಎಲ್ಲರೂ ಒಳಗೆ ಕೂತರು. ಕೋಣೆಗೆ ಒಂದೇ ಕಿಟಕಿ, ಅದರ ಎದುರಿಗೆ ಪಕ್ಕದ ಕಟ್ಟಡದ ಗೋಡೆ. ಮೇಡಂ ಕನ್ನಡಕದ ಮೇಲಿಂದ ಮೆಲ್ಲಮ್ಮನನ್ನು ನೋಡಿದರು. ಅವರ ಮೂಗಿನ ತುದಿ ಕೆಂಪಗಿತ್ತು.

"ಏನಮ್ಮ ಇದು? ನಾಲ್ಕು ಪುಟ?"

"ತಪ್ಪಾಯ್ತು ಮೇಡಂ."

"ತಪ್ಪೇನು ಬಂತು! ಮೂವತ್ತು ವರ್ಷ ಆಯ್ತು ನಾನು ಈ ಕುರ್ಚಿಯಲ್ಲಿ ಕೂತು. ಡ್ರ್ಯಾಗನ್ನು, ರಾಕೆಟ್ಟು, ಮಾತಾಡೋ ಕತ್ತಿ, ಎಲ್ಲ ನೋಡಿದೀನಿ. ಇಂಥದ್ದು ನೋಡಿಲ್ಲ. ಆ ತಾಯಿ ಒಲೆ ಕಡೆ ತಿರುಗಿ ನೋಡ್ತಾಳಲ್ಲ, ಅಲ್ಲಿ ನಾನು ಓದೋದು ನಿಲ್ಲಿಸಿ ಮುಖ ತೊಳ್ಕೊಂಡು ಬಂದೆ."

ಮೆಲ್ಲಮ್ಮನಿಗೆ ತಾನು ಕುರ್ಚಿಯ ಮೇಲೆ ಕೂತಿದ್ದೇನೋ ಅದರಿಂದ ನಾಲ್ಕು ಬೆರಳು ಮೇಲಿದ್ದೇನೋ ತಿಳಿಯಲಿಲ್ಲ. ಕಂಡರು. ಒಬ್ಬರು ಅಮ್ಮನನ್ನು ಕಂಡರು.

ಪೀಠಿಕೆಯವರು ಕೆಮ್ಮಿದರು. "ಮೇಡಂ, ನಾನು ಯಾರ ಮೇಲೂ ದೂರು ಹೇಳೋ ಮನುಷ್ಯ ಅಲ್ಲ. ನಮ್ಮ ತಂದೆಯವರೂ ಅಲ್ಲ. ಆದರೆ ಈ ಕಟ್ಟಡಕ್ಕೆ ಲಿಫ್ಟ್ ಇಲ್ಲದ ಕಾಲದಿಂದ..."

"ಬೇಗ ಹೇಳಿ."

"ಬರೆದೋನು ಈ ಹುಡುಗಿಗೆ ಬೇಕಾದೋನು ಅಂತ ಒಂದು ಮಾತು."

"ನಾನು ಹೇಳಿದ್ದಲ್ಲ, ಸಾರ್ ಊಹೆ ಅದು" ಎಂದಳು ಟಪಾಲು ಅಕ್ಕ, ಬೇಗ.

ಮೇಡಂ ಮುಖದಲ್ಲಿ ಸಣ್ಣ ಗೆರೆಯೊಂದು ಮೂಡಿತು. "ಬೇಕಾದೋನೋ ಬೇಡಾದೋನೋ, ಪುಸ್ತಕ ಹೇಳುತ್ತೆ. ಎಲ್ಲಿದೆ ಕಟ್ಟು? ತನ್ನಿ. ಹನ್ನೊಂದನೇ ಅಧ್ಯಾಯ ನಾನೇ ಓದ್ತೀನಿ, ಗಟ್ಟಿಯಾಗಿ."

ಟಪಾಲು ಅಕ್ಕ ಓಡಿಹೋಗಿ ತಂದಳು. ಮೇಡಂ ಅದನ್ನು ಮುಂದಿಟ್ಟುಕೊಂಡು ದಾರದ ಮೇಲೆ ಬೆರಳಾಡಿಸಿದರು.

"ಇದೇನು, ದಾರ ಕಟ್ಟೇ ಇದೆಯಲ್ಲ."

 ಕೆಳಗಿನ ಮಹಡಿಯಲ್ಲಿ ಡಾಕ್ಟರು ಯಾರದೋ ಹಲ್ಲು ಕೊರೆಯುತ್ತಿದ್ದರು.

"ಓದಿ ಆದಮೇಲೆ ಮತ್ತೆ ಕಟ್ಟಿದೆಯಾ?"

ಹೂಂ ಎಂದರೆ ಮುಗಿಯುತ್ತಿತ್ತು. ಆದರೆ ಮೆಲ್ಲಮ್ಮನಿಗೆ ಸುಳ್ಳು ಹೇಳಬೇಕಾದರೂ ದನಿ ಬೇಕಲ್ಲ. ಮೇಡಂ ಕತ್ತರಿ ತೆಗೆದು ದಾರ ಕತ್ತರಿಸಿ, ಹಾಳೆ ಮಗುಚುತ್ತಾ ಹೋದರು. ಹನ್ನೊಂದನೇ ಅಧ್ಯಾಯ ಸಿಕ್ಕಿತು. ಓದಿದರು.

"'ನೆರಳುಗಳನ್ನು ತೂಗುಹಾಕುವ ಕಂಬಗಳಿಗೆ ನಗರಸಭೆಯು ಎಡಬದಿಗೆ ಬೆಸ ಸಂಖ್ಯೆ, ಬಲಬದಿಗೆ ಸಮ ಸಂಖ್ಯೆ ನೀಡಿತ್ತು. ಕಂಬದ ಎತ್ತರ ಐದೂವರೆ ಅಡಿ.'" ಪುಟ ತಿರುವಿದರು. "'ಪೂರ್ವದ ಬೀದಿಗಳಲ್ಲಿ ಮಾತ್ರ ಆರು ಅಡಿ.'" ಇನ್ನೊಂದು ಪುಟ. "ಏಳು ಪುಟ ಬರೀ ಕಂಬ. ಎಲ್ಲಮ್ಮ ತಾಯಿ?"

"ಮುಂದಿನ ಪುಟದಲ್ಲಿ ಇರಬೇಕು ಮೇಡಂ."

ಮುಂದಿನ ಪುಟದಲ್ಲಿ ಹನ್ನೆರಡನೇ ಅಧ್ಯಾಯವಿತ್ತು. ಅದು ಚರಂಡಿಯ ಬಗ್ಗೆ.

ಮೆಲ್ಲಮ್ಮ ಎದ್ದು ಬಂದು ಮೇಡಂ ಭುಜದ ಹಿಂದೆ ನಿಂತು ನೋಡಿದಳು. ತನ್ನದೇ ಹಾಳೆಗಳನ್ನು ಅವಳು ಮೊದಲ ಸಲ ಓದಿದ್ದು ಹಾಗೆ, ನಿಂತುಕೊಂಡು, ಇನ್ನೊಬ್ಬರ ಭುಜದ ಮೇಲಿಂದ. ಬರೆದ ದಿನಗಳು ಒಂದೊಂದಾಗಿ ನೆನಪಾದವು. ಅಮ್ಮ ಬರಬೇಕಾದ ಜಾಗಕ್ಕೆ ಬಂದಾಗಲೆಲ್ಲ ಪೆನ್ನು ನಿಂತು, ಇವತ್ತು ಬೇಡ, ಇವತ್ತು ಕಂಬದ ಎತ್ತರ ಬರೆಯೋಣ, ಅಮ್ಮನನ್ನು ಆಮೇಲೆ ಬರೆದರಾಯಿತು ಎಂದುಕೊಂಡಿದ್ದಳು. ಆಮೇಲೆ ಎಂಬುದು ಬಂದೇ ಇರಲಿಲ್ಲ. ಮನಸ್ಸಿನಲ್ಲಿ ಅಷ್ಟು ಸ್ಪಷ್ಟವಾಗಿದ್ದದ್ದು ಕಾಗದದ ಮೇಲೂ ಇದೆ ಎಂದೇ ನಂಬಿಕೊಂಡು ಅವಳು ಗಂಟು ಹಾಕಿದ್ದಳು.

"ಓದಿಲ್ಲ ನೀನು" ಎಂದರು ಮೇಡಂ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವರ ದನಿಯಲ್ಲಿದ್ದದ್ದು ದುಃಖ. "ಆರು ವರ್ಷ ನಂಬಿದ್ದೆ. ದಾರ ಕೂಡ ಬಿಚ್ಚದೆ, ಮನಸ್ಸಿಗೆ ಬಂದದ್ದು ಕಟ್ಟಿ ಬರೆದು ನನ್ನನ್ನ ಅಳಿಸಿಬಿಟ್ಟೆಯಲ್ಲ."

"ಬರೆದೋರನ್ನೇ ಕೇಳಿಬಿಡೋಣ ಮೇಡಂ" ಎಂದ ಟಪಾಲು ಅಕ್ಕನ ಕೈಯಲ್ಲಿ ಆಗಲೇ ಡ್ರಾಯರಿನ ಬೀಗದ ಕೈ ಇತ್ತು. ಹೆಸರಿನ ಹಾಳೆ ತಂದು ಓದಿದಳು. ಅವಳ ಮುಖ ಬಾಡಿತು. "ಹುಡುಗ ಅಲ್ಲ. ಹೆಂಗಸು. ಅರವತ್ತೆರಡು ವರ್ಷ. ಟೈಲರ್."

ಮೇಡಂ ಫೋನ್ ಮಾಡಿದರು. ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದರು. ಮೆಲ್ಲಮ್ಮ ಕಣ್ಣು ಮುಚ್ಚಿಕೊಂಡಳು.

"ಹಲೋ, ಯಾರು? ಗಟ್ಟಿಯಾಗಿ ಮಾತಾಡಿ, ಮಿಷನ್ ಓಡ್ತಿದೆ!"

"ನೀವು ಒಂದು ಪುಸ್ತಕ ಕಳಿಸಿದ್ರಲ್ಲ?"

"ಹೂಂ."

"ನೀವೇ ಬರೆದದ್ದಾ?"

"ಹೂಂ ಹೂಂ. ನಾನೇ."

"ಅದರಲ್ಲಿ ತಾಯಿ ಪಾತ್ರ ಇದೆಯಾ?"

"ಇದೆಯಲ್ಲ."

"ಎಲ್ಲಿ?"

ಮಿಷನ್ ನಿಂತಿತು. "ಎಲ್ಲಿ ಬೇಕಿತ್ತು ನಿಮಗೆ?"

"ಹನ್ನೊಂದನೇ ಅಧ್ಯಾಯದಲ್ಲಿ ಅಂತ ನಮ್ಮ ಹುಡುಗಿ ಬರೆದಿದಾಳೆ. ನಾನು ನೋಡಿದೆ, ಇಲ್ಲ."

"ನೀವು ನೋಡಿ ಇಲ್ಲ ಅಂದ್ರೆ ಇಲ್ಲ ಬಿಡಿ. ಅದಕ್ಕೇನಂತೆ? ಹಾಕಿ ಕೊಡೋಣ."

"ಹಾಕಿ ಕೊಡ್ತೀರಾ?" ಮೇಡಂ ಕುರ್ಚಿಯಲ್ಲಿ ನೆಟ್ಟಗಾದರು.

"ಇದೇ ಅಲ್ವೇನ್ರೀ ನನ್ನ ಕೆಲಸ? ಬಿಗಿ ಅಂದ್ರೆ ಬಿಡಿಸೋದು, ಸಡಿಲ ಅಂದ್ರೆ ಹಿಡಿಯೋದು. ಮತ್ತೇನು ಸರಿಮಾಡ್ಬೇಕು, ಹೇಳಿಬಿಡಿ ಒಟ್ಟಿಗೇ."

"ಆ ಕಂಬಗಳು... ಏಳು ಪುಟ ಇದೆ."

"ಕತ್ತರಿಸೋಣ. ಎಷ್ಟು ಬಿಡ್ಲಿ? ಅರ್ಧ ಪುಟ?"

 ಮೇಡಂ ಅವರ ಮೂವತ್ತು ವರ್ಷದ ಅನುಭವದಲ್ಲಿ ಒಂದು ಅಲ್ಪವಿರಾಮ ತೆಗೆಯಿರಿ ಎಂದರೂ ಬರಹಗಾರರು ಮೂರು ಪುಟ ಉತ್ತರ ಬರೆಯುತ್ತಿದ್ದರು, ಕೆಲವರು ಅತ್ತು, ಕೆಲವರು ವಕೀಲರ ಹೆಸರು ಹೇಳಿ. ಅರ್ಧ ಪುಟ ಬಿಡಲೇ ಎಂದು ಕೇಳಿದವರು ಒಬ್ಬರೂ ಇರಲಿಲ್ಲ.

ಮೇಡಂ ಮುಖದ ಮೇಲೆ ಹಬ್ಬುತ್ತಿದ್ದ ಆ ಬೆಳಕನ್ನು ನೋಡಿ ಮೆಲ್ಲಮ್ಮನಿಗೆ ಅದು ತನಗೆ ಸಲ್ಲಬೇಕಾದದ್ದು ಅನಿಸಿತು. ಅವಳು ಮೇಡಂ ಎದುರಿಗೆ ಬಂದು ನಿಂತು, ಬದುಕಿನಲ್ಲಿ ಮೊದಲ ಸಲ, ಎಲ್ಲರಿಗೂ ಕೇಳುವಂತೆ ಹೇಳಿದಳು: "ಮೇಡಂ, ಅದನ್ನ ಬರೆದೋಳು ನಾನು!"



"ಯಾರದು?" ಎಂದಿತು ಫೋನು.

"ನಮ್ಮ ಕಚೇರಿ ಹುಡುಗಿ. ನಿಮ್ಮ ಪುಸ್ತಕ ತಾನೇ ಬರೆದದ್ದು ಅಂತಿದಾಳೆ. ನಿಮಗೆ ಗೊತ್ತಾ ಅವಳು?"

"ದೊಡ್ಡಮ್ಮಾ, ಹೇಳು!" ಎಂದಳು ಮೆಲ್ಲಮ್ಮ. ಆದರೆ ಇದ್ದ ದನಿಯೆಲ್ಲ ಆ ಒಂದು ಮಾತಿಗೇ ಖರ್ಚಾಗಿಹೋಗಿತ್ತು. ಈ ಸಲ ಬಂದದ್ದು ಬರೀ ಉಸಿರು.

"ಇಲ್ಲಪ್ಪ" ಎಂದಳು ದೊಡ್ಡಮ್ಮ, ಕೊಟ್ಟ ಮಾತಿಗೆ ಪ್ರಾಣ ಬಿಡುವವಳ ಹಾಗೆ. "ಅಂಥ ಯಾವ ಹುಡುಗಿನೂ ನನಗೆ ಗೊತ್ತಿಲ್ಲ. ನಾನು ಕಂಡೇ ಇಲ್ಲ. ಪಾಪ, ಒಳ್ಳೆ ಹುಡುಗಿ ಥರ ಇದಾಳೆ, ಕೆಲಸದಿಂದ ಮಾತ್ರ ತೆಗೀಬೇಡಿ."

ಮೇಡಂ ಆಮೇಲೆ ಮಾಡುವುದಾಗಿ ಹೇಳಿ ಫೋನ್ ಇಟ್ಟರು. ಮೆಲ್ಲಮ್ಮನ ಕಡೆ ತಿರುಗಿ, ಮಗುವಿನ ಜೊತೆ ಮಾತಾಡುವಂತೆ ಕೇಳಿದರು, "ಸರಿ. ನೀನೇ ಬರೆದದ್ದು. ಮೊದಲ ವಾಕ್ಯ ಹೇಳು ನೋಡೋಣ."

ಮೆಲ್ಲಮ್ಮನಿಗೆ ಜೀವ ಬಂತು. ಅದನ್ನು ಅವಳು ಸಾವಿರ ಸಲ ಹೇಳಿಕೊಂಡಿದ್ದಳು. "'ನೆರಳುಗಳನ್ನು ಬಾಗಿಲಲ್ಲಿ ಬಿಡುವ ಊರಿನಲ್ಲಿ, ಮನೆಗೆ ಬಂದವರು ಯಾರೆಂದು ಮೊದಲು ತಿಳಿಯುವುದು ನೆಲಕ್ಕೆ.'"

ಮೇಡಂ ಮೊದಲ ಹಾಳೆ ತೆಗೆದರು. "'ಸದರಿ ಊರಿನ ಉದ್ದ ನಾಲ್ಕು ಮೈಲಿ, ಅಗಲ ಮೂರು.'"

ಪೀಠಿಕೆಯವರು ಎದ್ದು ಬಂದು ಮೆಲ್ಲಮ್ಮನ ತಲೆ ಸವರಿದರು. ಅವರಿಗೆ ನಿಜಕ್ಕೂ ಕನಿಕರವಾಗಿತ್ತು. ಪೀಠಿಕೆಯೇ ಇಲ್ಲದೆ ಮಾತಾಡಿದರು. "ಬರುತ್ತಮ್ಮ ಇದು. ಓದೋ ಕೆಲಸದಲ್ಲಿ ಆರು, ಏಳನೇ ವರ್ಷಕ್ಕೆ ಬರುತ್ತೆ. ಓದಿದ್ದೆಲ್ಲ ನಾನೇ ಬರೆದೆ ಅನಿಸುತ್ತೆ. ನನಗೂ ಬಂದಿತ್ತು. ಬೆಳಿಗ್ಗೆ ಬಿಸಿನೀರು ಕುಡಿ."

"ನಾಳೆಯಿಂದ ಭೂತ-ಭವಿಷ್ಯ ಬೇಡ ನಿನಗೆ" ಎಂದರು ಮೇಡಂ. "ಅಡುಗೆ ಪುಸ್ತಕ ನೋಡ್ಕೋ. ಅಲ್ಲಿ ಉಪ್ಪು ಹಾಕಿಲ್ಲ ಅಂದ್ರೆ ಹಾಕಿಲ್ಲ ಅಷ್ಟೇ. ಇಲ್ಲದ್ದು ಓದೋಕೆ ಜಾಗ ಇರಲ್ಲ."

ಸಂಜೆ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಿದ್ದರೂ ಅವಳು ಹೊರಗೆ ನೋಡಲಿಲ್ಲ. ನಿಲ್ದಾಣ ಬಂದಾಗ "ಇಳೀಬೇಕು" ಎಂದಳು, ಕಂಡಕ್ಟರಿಗೆ ಕೇಳಿಸಲಿಲ್ಲ, ಒಂದು ನಿಲ್ದಾಣ ಹಿಂದಕ್ಕೆ ನಡೆದಳು.

ಹೊಲಿಗೆ ಅಂಗಡಿಯ ಹಿಂದಿನ ಕೋಣೆಯೇ ಮನೆ. ದೊಡ್ಡಮ್ಮ ಅಂಗಡಿಯ ಬಾಗಿಲು ಆಗಲೇ ಹಾಕಿ, ಮೇಜಿನ ಮೇಲಿನ ಬಟ್ಟೆಯ ಚೂರುಗಳನ್ನೆಲ್ಲ ತೆಗೆದು, ಅಲ್ಲಿ ಒಂದು ಹೊಸ ನೋಟುಪುಸ್ತಕ, ಎರಡು ಪೆನ್ನು ಇಟ್ಟುಕೊಂಡು ಕಾಯುತ್ತಿದ್ದಳು.

"ನೋಡಿದ್ಯಾ ಪುಟ್ಟಿ, ಹೇಗೆ ಕಾಪಾಡಿದೆ ನಿನ್ನ ಕೆಲಸಾನ? ನೀನೇ ತಲೆಕೆಟ್ಟು ಒದರಿಬಿಟ್ಟೆ. ನಾನು ಬಿಟ್ಟುಕೊಟ್ನಾ?"

"ಇಲ್ಲ ದೊಡ್ಡಮ್ಮ."

"ಆಮೇಲೆ ನಿಮ್ಮ ಮೇಡಂ ಮತ್ತೆ ಫೋನ್ ಮಾಡಿದ್ರು. ಎಷ್ಟು ಒಳ್ಳೆಯವರೇ! ಪುಸ್ತಕ ತಗೋತಾರಂತೆ. ಕಂಬ ಕತ್ತರಿಸಿ, ಆ ಹನ್ನೊಂದನೇದು ಹೊಸದಾಗಿ ಬರೆದು ಸೋಮವಾರ ಕೊಡ್ತೀನಿ ಅಂದಿದೀನಿ. ನನ್ನ ಫೋಟೋನೂ ಬೇಕಂತೆ."

ಮೆಲ್ಲಮ್ಮ ಕುರ್ಚಿ ಎಳೆದುಕೊಂಡಳು. ಪುಸ್ತಕ ಬರುತ್ತದೆ. ಯಾರ ಹೆಸರಾದರೂ ಇರಲಿ. ಅಮ್ಮ ಬರುತ್ತಾಳೆ. ಇನ್ನು ಕಂಬದ ಹಿಂದೆ ಅಡಗಿಕೊಳ್ಳುವಂತಿಲ್ಲ, ಸೋಮವಾರದೊಳಗೆ ಬರೆಯಲೇಬೇಕು.

"ಬರೀತೀನಿ ದೊಡ್ಡಮ್ಮ. ತಾಯೀನ ಇವತ್ತೇ ಬರೀತೀನಿ."

"ಅಯ್ಯೋ, ಅದನ್ನೇ ಹೇಳೋದು ಮರೆತೆ. ತಾಯಿ ಬೇಡ ಅಂದೆ."

"ಏನು?"

"ಎಲ್ಲರೂ ತಾಯೀನೇ ಬರೀತಾರೆ ಮೇಡಂ, ಅದರಲ್ಲೇನಿದೆ ಹೊಸದು, ಸಾಕಿದ ದೊಡ್ಡಮ್ಮ ಅಂತ ಮಾಡೋಣ ಅಂದೆ. ಆಕೆ ಕುಣಿದುಬಿಟ್ರು. 'ಇದು ಯಾರೂ ಬರೆದಿಲ್ಲ, ಇದೇ ಬೇಕು ನನಗೆ' ಅಂದ್ರು." ದೊಡ್ಡಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. "ಮೇಲೆ ನನ್ನ ಹೆಸರು ಇರುತ್ತಲ್ಲ, ಒಳಗೂ ಸ್ವಲ್ಪ ನಾನು ಇರಬೇಡ್ವೇನೇ? ಹದಿನೆಂಟು ವರ್ಷ ಸಾಕಿದೀನಿ. ನೀನು ಡೈರಿಯಲ್ಲಾದ್ರೂ ನನ್ನ ಬಗ್ಗೆ ಒಂದು ಸಾಲು ಬರೆದಿದ್ಯಾ?"

ಬರೆದಿರಲಿಲ್ಲ.  ಮೆಲ್ಲಮ್ಮ ಕೂತು ಪೆನ್ನು ತೆಗೆದುಕೊಂಡಳು. ದೊಡ್ಡಮ್ಮನನ್ನೇ ಬರೆಯೋಣ ಎಂದೇ ಶುರುಮಾಡಿದಳು; ಮೋಸ ಮಾಡುವ ಯೋಚನೆ ಇರಲಿಲ್ಲ. ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ, ಒಂದು ಸಲವೂ ಪೆನ್ನು ನಿಲ್ಲದೆ, ಸಾಲು ತಾನಾಗಿ ಬಂತು. ಆ ನೆರಳು ಮೆಟ್ಟಿಲ ಮೇಲೆ ಒಂದೊಂದು ಗಳಿಗೆ ನಿಂತು ನಿಂತು ಇಳಿಯುತ್ತಿತ್ತು, ಯಾಕೆಂದರೆ ಅದರ ಒಡತಿ ಬದುಕಿದ್ದಾಗ ಮಗಳ ಕೈ ಹಿಡಿದು ಮೆಟ್ಟಿಲು ಎಣಿಸುತ್ತಿದ್ದಳು, ಏಳಾದ ಮೇಲೆ ಪ್ರತಿ ಸಲವೂ ಬೇಕೆಂದೇ ಹತ್ತು ಎನ್ನುತ್ತಿದ್ದಳು, ಮಗಳು ನಗಲಿ ಎಂದು.

ಅರ್ಧ ಪುಟವಾಯಿತು. ಅವಳು ಓದಿ ನೋಡಿದಳು. ಈ ಸಲ ಎಲ್ಲವೂ ಕಾಗದದ ಮೇಲೇ ಇತ್ತು.

ದೊಡ್ಡಮ್ಮ ನೋಟುಪುಸ್ತಕ ಎಳೆದುಕೊಂಡು, ಕನ್ನಡಕ ಏರಿಸಿ, ಬೆರಳಿಟ್ಟು ಸಾಲು ಸಾಲಾಗಿ ಓದಿದಳು. ಓದುತ್ತಾ ಓದುತ್ತಾ ಬೆರಳು ನಿಧಾನವಾಯಿತು. ಕೊನೆಗೆ ನಿಂತೇಬಿಟ್ಟಿತು. ಕನ್ನಡಕದ ಒಳಗೆ ಕಣ್ಣು ತುಂಬಿಕೊಂಡಿತ್ತು.

"ಏಳಾದ ಮೇಲೆ ಹತ್ತು" ಎಂದಳು. "ಇವಳು ನನ್ನ ತಂಗಿ ಚಿಕ್ಕಿ ಕಣೇ. ನಿನ್ನಮ್ಮ. ಹಾಗೇ ಇದಾಳೆ, ಎದುರಿಗೆ ಬಂದು ನಿಂತ ಹಾಗೆ."

ಮೆಲ್ಲಮ್ಮ ತಲೆಯಾಡಿಸಿದಳು.

ದೊಡ್ಡಮ್ಮ ಕಣ್ಣೊರೆಸಿಕೊಂಡು, ಪೆನ್ನನ್ನು ಅವಳ ಕೈಗೆ ಕೊಟ್ಟಳು.

"ಹೊಡೆದು ಹಾಕು ಇದನ್ನ, ನನ್ನನ್ನ ಬರಿ. ಸೋಮವಾರಕ್ಕೆ ಕೊಡಬೇಕು."